1952ರ ಎಂಜಿ ಟಿಡಿಯೋ, ಹೊಸ ಇನ್ನೋವಾ ಹೈಕ್ರಾಸ್ಸೋ?

ತೋಟದಮೂಲೆ (ಮೈಸೂರು):

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಓದಿ ನಗಬೇಡಿ, ನಮ್ಮನೇಲಿ ಆಗ್ಲೇ ನಕ್ಕು ಮುಗಿಸಿದ್ದಾರೆ.

ನಮ್ಮ ದೊಡ್ಡಪ್ಪನವರದು ಮೂಡಿಗೆರೆ ಹತ್ತಿರ ಕಾಫಿ ತೋಟ. ಅಲ್ಲಿನ ಶೆಡ್ಡಿನಲ್ಲಿ 1952ರ ಎಂಜಿ ಟಿಡಿ ಅನ್ನೋ ಇಂಗ್ಲೆಂಡಿನ ಹಳೇ ಸ್ಪೋರ್ಟ್ಸ್ ಕಾರು ಒಂದಿದೆ. ಪಕ್ಕದ ಎಸ್ಟೇಟಿನ ದೊರೆ ಊರು ಬಿಡುವಾಗ ದೊಡ್ಡಪ್ಪನಿಗೆ ಕೊಟ್ಟು ಹೋದದ್ದು. ಹಸಿರು ಬಣ್ಣ, ಎರಡೇ ಸೀಟು, ಎಂವೈ ಅಂತ ಶುರುವಾಗೋ ಹಳೇ ನಂಬರ್. ಸ್ಟಾರ್ಟ್ ಆಗುತ್ತೆ, ತೋಟದೊಳಗೆ ಓಡುತ್ತೆ. ದೊಡ್ಡಪ್ಪ ಹೋದ ವರ್ಷ ತೀರಿಕೊಂಡರು. ಅವರ ಮಗ, ನನಗೆ ಅಣ್ಣ ಆಗಬೇಕು, ಮಾರ್ತೀನಿ ಅಂತಿದಾನೆ. ಹೊರಗಿನವರಿಗೆ ಕೊಡೋ ಮುಂಚೆ ನಿನ್ನ ಕೇಳ್ತಿದೀನಿ ಅಂದ.

ಅವನು ಹೇಳಿದ ರೇಟೂ, ಟೊಯೋಟಾ ಇನ್ನೋವಾ ಹೈಕ್ರಾಸ್ ಹೈಬ್ರಿಡ್‌ಗೆ (ಪೆಟ್ರೋಲ್ ಎಂಜಿನ್ ಜೊತೆ ವಿದ್ಯುತ್ ಮೋಟರೂ ಇರೋದು) ಅಂತ ನಾವು ಕೂಡಿಟ್ಟಿರೋ ದುಡ್ಡೂ ಹೆಚ್ಚುಕಡಿಮೆ ಒಂದೇ. ಎರಡನ್ನೂ ತಗೊಳ್ಳೋ ಶಕ್ತಿ ಇಲ್ಲ. ಮನೇಲಿ ನಾವಿಬ್ಬರು, ಇಬ್ಬರು ಮಕ್ಕಳು, ಅಮ್ಮ. ಅಮ್ಮನಿಗೆ ಮೊಣಕಾಲು ನೋವು. ಈಗಿರೋದು ಹಳೇ ವ್ಯಾಗನಾರ್, ಅದು ಹೇಗೋ ಎರಡು ಮೂರು ವರ್ಷ ಓಡಬಹುದು.

ತಿಳಿದವರು ಹೇಳಿ: ಓಡಿಸೋದ್ರಲ್ಲಿ ಇವೆರಡರ ವ್ಯತ್ಯಾಸ ನಿಜವಾಗ್ಲೂ ಹೇಗಿರುತ್ತೆ? ಸ್ಪೋರ್ಟ್ಸ್ ಕಾರ್ ಅಂತಾರಲ್ಲ, ಎಷ್ಟು ಸ್ಪೀಡು? ಪೆಟ್ರೋಲ್, ರಿಪೇರಿ, ಆರ್‌ಟಿಒ ತಲೆನೋವು ಎಷ್ಟು? ಗೂಗಲ್ ಮಾಡಿದ್ರೆ ಅಮೆರಿಕದವರ ಅನುಭವವೇ ಸಿಗುತ್ತೆ.

---

ಹಳೇಸ್ಪ್ಯಾನರ್ (ಬೆಂಗಳೂರು):

ಎರಡೂ ನಮ್ಮನೆ ಕಾಂಪೌಂಡಿನಲ್ಲೇ ನಿಂತಿವೆ, ಅದಕ್ಕೆ ಬರೀತಿದೀನಿ. ಟಿಡಿ ನನ್ನದು. ಹೈಕ್ರಾಸ್ ಮಗಂದು, ಕಂತೂ ಅವನದೇ. ನಾನು ಕಾರ್ಖಾನೆ ಟೂಲ್‌ರೂಮಿನಲ್ಲಿದ್ದು ರಿಟೈರಾದವನು, ಮಾತು ನಟ್ಟು ಬೋಲ್ಟಿನ ಕಡೆ ಜಾರುತ್ತೆ, ಸಹಿಸ್ಕೊಳ್ಳಿ.

ಸ್ಪೀಡಿನ ವಿಷಯ ಮೊದಲೇ ಮುಗಿಸಿಬಿಡೋಣ, ಅದರಲ್ಲಿ ಪೈಪೋಟಿಯೇ ಇಲ್ಲ. ಟಿಡಿಯದು 1250 ಸಿಸಿ ಎಂಜಿನ್. ಶಕ್ತಿ 54 ಕುದುರೆ, ಅದೂ 5200 ಆರ್‌ಪಿಎಂವರೆಗೆ ಕಿರುಚಿಸಿದರೆ. ಗಂಟೆಗೆ 60 ಮೈಲಿ, ಅಂದ್ರೆ ಸುಮಾರು 97 ಕಿ.ಮೀ., ಮುಟ್ಟೋಕೆ ಹೊಸದಿದ್ದಾಗಲೇ ಇಪ್ಪತ್ತು ಸೆಕೆಂಡಿನ ಹತ್ತಿರ ಬೇಕಿತ್ತು. ಹೈಕ್ರಾಸ್ ಹೈಬ್ರಿಡ್ಡಿಗೆ 2 ಲೀಟರ್ ಎಂಜಿನ್, ಜೊತೆಗೆ ಮೋಟರು, ಎರಡೂ ಸೇರಿ 184 ಕುದುರೆ. ಸೊನ್ನೆಯಿಂದ 100ಕ್ಕೆ 9.5 ಸೆಕೆಂಡ್ ಅಂತ ಕಂಪನಿ ಹೇಳುತ್ತೆ. ಅಂದ್ರೆ ಅಜ್ಜಿ, ಮೊಮ್ಮಕ್ಕಳು, ಲಗೇಜು ತುಂಬಿಕೊಂಡ ವ್ಯಾನು ಸ್ಪೋರ್ಟ್ಸ್ ಕಾರನ್ನ ಸಿಗ್ನಲ್ಲಿನಲ್ಲೇ ಬಿಟ್ಟು ಹೊರಟುಹೋಗುತ್ತೆ. ಮೈಲೇಜಿನಲ್ಲೂ ಹಾಗೇ. ಹೈಕ್ರಾಸ್‌ಗೆ ಕಂಪನಿ ಹೇಳೋದು ಲೀಟರಿಗೆ 23.24 ಕಿ.ಮೀ. ಮಗನಿಗೆ ಅಷ್ಟು ಬರಲ್ಲ, ಆದ್ರೂ ಟಿಡಿ ಕೊಡೋ ಹತ್ತು ಹನ್ನೊಂದರ ಮುಂದೆ ಅದು ಎಲ್ಲೋ ಇದೆ.

ಈಗ ಓಡಿಸೋ ವಿಷಯ. ಕೀ ತಿರುಗಿಸಿದ ತಕ್ಷಣ ಟಿಡಿ ಸ್ಟಾರ್ಟ್ ಆಗಲ್ಲ. ಬಾನೆಟ್ ಒಳಗೆ ಎಸ್‌ಯು ಪೆಟ್ರೋಲ್ ಪಂಪು ಟಕಟಕಟಕ ಅಂತ ಶುರು ಮಾಡುತ್ತೆ. ಎರಡು ಕಾರ್ಬುರೇಟರುಗಳ ಬಟ್ಟಲು ತುಂಬ್ತಾ ಬಂದ ಹಾಗೆ ಟಕ್... ಟಕ್... ಅಂತ ನಿಧಾನವಾಗಿ ನಿಲ್ಲುತ್ತೆ. ನಿಂತ ಮೇಲೆ ಚೋಕ್ ಎಳೆದು, ಸ್ಟಾರ್ಟರ್ ಗುಂಡಿ ಎಳೀಬೇಕು. ಒತ್ತೋದಲ್ಲ, ಎಳೆಯೋದು. ಪಂಪು ನಿಲ್ಲದೆ ಟಕಟಕಿಸ್ತಾನೇ ಇದ್ದರೆ ಎಲ್ಲೋ ಸೋರ್ತಿದೆ ಅಥವಾ ಟ್ಯಾಂಕು ಖಾಲಿ ಅಂತ ಅರ್ಥ. ಸದ್ದೇ ಇಲ್ಲದಿದ್ದರೆ ಸ್ಪ್ಯಾನರ್ ಹಿಡಿಯಿಂದ ಪಂಪಿಗೆ ಮೆಲ್ಲಗೆ ಒಂದು ತಟ್ಟು. ಒಳಗಿನ ವಿದ್ಯುತ್ ಪಾಯಿಂಟ್ ಅಂಟಿಕೊಂಡಿರುತ್ತೆ, ಬಿಡುತ್ತೆ. ಪೆಟ್ರೋಲ್ ಎಷ್ಟಿದೆ ಅಂತ ತೋರಿಸೋ ಮುಳ್ಳು ಇಲ್ಲ. ನಾನು ಬಿದಿರು ಕಡ್ಡಿ ಅದ್ದಿ ನೋಡ್ತೀನಿ.

ಫಸ್ಟ್ ಗೇರಿಗೆ ಸಿಂಕ್ರೋ (ಗೇರು ಸದ್ದಿಲ್ಲದೆ ಕೂರೋ ಹಾಗೆ ಮಾಡೋ ಭಾಗ) ಇಲ್ಲ. ಓಡ್ತಿರುವಾಗ ಫಸ್ಟಿಗೆ ಬರಬೇಕಾದ್ರೆ ಕ್ಲಚ್ಚು ಒತ್ತಿ ನ್ಯೂಟ್ರಲ್, ಕ್ಲಚ್ಚು ಬಿಟ್ಟು ಸ್ವಲ್ಪ ರೇಸ್, ಮತ್ತೆ ಕ್ಲಚ್ಚು. ಹಳೇ ಲಾರಿ ಡ್ರೈವರುಗಳು ಮಾಡ್ತಿದ್ದ ಡಬಲ್ ಕ್ಲಚ್ಚು. ಘಾಟಿಯ ಹೇರ್‌ಪಿನ್‌ನಲ್ಲಿ ಎದುರಿಗೆ ಬಸ್ಸು ಬಂದಾಗ ಇದೆಲ್ಲ ಒಂದೇ ಉಸಿರಲ್ಲಿ ಆಗಬೇಕು. ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು, ಕಾಲಿನ ಒತ್ತಡಕ್ಕೆ ನೆರವಾಗೋ ಬೂಸ್ಟರ್ ಇಲ್ಲ. ಚಾರ್ಮಾಡಿ ಇಳಿಯುವಾಗ ಹತ್ತೋಕೆ ಯಾವ ಗೇರು ಬೇಕಿತ್ತೋ ಅದೇ ಗೇರಿನಲ್ಲಿ ಇಳೀಬೇಕು. ಬ್ರೇಕನ್ನೇ ನಂಬಿ ಬಂದ್ರೆ ಕೆಳಗೆ ಬರೋ ಹೊತ್ತಿಗೆ ಪೆಡಲು ಮೆತ್ತಗಾಗಿ, ಲೈನರಿನ ಸುಟ್ಟ ವಾಸನೆ ಬರುತ್ತೆ. ಹೈಕ್ರಾಸ್‌ನಲ್ಲಿ ಅದೇ ಇಳಿಜಾರಿನಲ್ಲಿ ಗೇರು ಇಳಿಸಿಬಿಟ್ರೆ ಆಯ್ತು. ಇಳಿಯೋ ಭಾರದಿಂದ ಬ್ಯಾಟರಿಯೂ ಚಾರ್ಜ್ ಆಗುತ್ತೆ. ಮಗ ಇಳಿಯುವಾಗ ಹಾಡು ಬದಲಾಯಿಸ್ತಾ ಕೂತಿರ್ತಾನೆ.

ಇಷ್ಟೆಲ್ಲ ಹೇಳಿ ಒಂದು ಮಾತು ಹೇಳದೆ ಹೋದ್ರೆ ತಪ್ಪಾಗುತ್ತೆ. ಟಿಡಿಯ ಬಾಗಿಲಿನ ಮೇಲ್ಭಾಗ ಮೊಣಕೈಗೆ ಅಂತಲೇ ಬಗ್ಗಿಸಿ ಕತ್ತರಿಸಿದ್ದಾರೆ. ಕೈ ಹೊರಗೆ ಇಳಿಬಿಟ್ಟರೆ ರಸ್ತೆ ಅಲ್ಲೇ ಕೆಳಗೆ. ಗಾಜನ್ನ ಮುಂದಕ್ಕೆ ಮಡಚಿ ಬಾನೆಟ್ ಮೇಲೆ ಮಲಗಿಸಬಹುದು. ಸ್ಟೇರಿಂಗು ನೇರವಾಗಿ ಕೈಗೆ ಮಾತಾಡುತ್ತೆ, ಬಲಗಡೆ ಚಕ್ರ ಕಲ್ಲು ಹತ್ತಿದ್ರೆ ಬಲಗೈಗೇ ಗೊತ್ತಾಗುತ್ತೆ. 60ರಲ್ಲಿ ಹೋಗ್ತಿದ್ರೂ ಅಬ್ಬಾ ಸಾಕು ಅನ್ಸುತ್ತೆ. ಹೈಕ್ರಾಸ್‌ನಲ್ಲಿ 110 ಆಗಿದೆ ಅಂತ ಮೀಟರು ನೋಡಿದ ಮೇಲೇ ಗೊತ್ತಾಗೋದು, ಇಲ್ಲಾ ಎಕ್ಸ್‌ಪ್ರೆಸ್‌ವೇ ಕ್ಯಾಮೆರಾ ಕಳಿಸೋ ದಂಡದಿಂದ. ನಾನು ಮೈಸೂರಿಗೆ ಟಿಡಿಯಲ್ಲಿ ಬಂದ್ರೆ ಎಕ್ಸ್‌ಪ್ರೆಸ್‌ವೇ ಹತ್ತಲ್ಲ. ಲಾರಿಗಳ ಮಧ್ಯೆ 70ರಲ್ಲಿ ಹೋಗೋದು ಆತ್ಮಹತ್ಯೆ. ಬಿಡದಿ, ಚನ್ನಪಟ್ಟಣ, ಮದ್ದೂರು ಅಂತ ಸರ್ವಿಸ್ ರಸ್ತೆಯಲ್ಲೇ ಬರ್ತೀನಿ. ಬಿಡದಿಯಲ್ಲಿ ಇನ್ನೋವಾ ತಯಾರಾಗೋ ಕಾರ್ಖಾನೆ ಹತ್ತಿರ ಬಂದಾಗ ಒಂದು ಹಾರ್ನ್ ಹೊಡೀತೀನಿ, ಯಾಕೆ ಅಂತ ಕೇಳಬೇಡಿ.

ರಿಪೇರಿ. ಟಿಡಿಯ ಎಕ್ಸ್‌ಪಿಎಜಿ ಎಂಜಿನ್ ಮಾಡಿದವರ ವಿಚಿತ್ರ ಬುದ್ಧಿ ಕೇಳಿ. ಬೋಲ್ಟಿನ ಮರೆ (ಥ್ರೆಡ್ಡು) ಮೆಟ್ರಿಕ್, ತಲೆ ವಿಟ್‌ವರ್ಥ್ ಅನ್ನೋ ಹಳೇ ಇಂಗ್ಲಿಷ್ ಅಳತೆ. ಅಂದ್ರೆ ಸ್ಪ್ಯಾನರ್ ಇಂಗ್ಲಿಷರದು, ಮರೆ ಫ್ರೆಂಚರದು. ಆ ಎಂಜಿನ್ ಕಾರ್ಖಾನೆ ಹಿಂದೆ ಹಾಚ್‌ಕಿಸ್ ಅನ್ನೋ ಫ್ರೆಂಚ್ ಕಂಪನಿಯದಾಗಿತ್ತು, ಮೆಷಿನ್ನುಗಳು ಮೆಟ್ರಿಕ್ಕಿನವು, ಹಾಗೇ ಮುಂದುವರಿಸಿದ್ರು. ಇದು ಗೊತ್ತಿಲ್ಲದ ಮೆಕ್ಯಾನಿಕ್ ಕೈಗೆ ಸಿಕ್ಕಿದ ಬೋಲ್ಟು ಹಾಕಿ ಬಿಗಿ ಮಾಡ್ತಾನೆ, ಬ್ಲಾಕಿನ ಮರೆ ಹೋಗುತ್ತೆ. ನಾನು ಬೇಕಾದ್ದನ್ನ ಲೇತಿನಲ್ಲಿ ತಿರುಗಿಸಿಕೊಳ್ತೀನಿ. ನಿಮಗೆ ಲೇತ್ ಗೊತ್ತಿರೋ ಸ್ನೇಹಿತ ಇದ್ದಾನಾ? ರೇಟಿಗಿಂತ ಮೊದಲು ಅದನ್ನ ಯೋಚಿಸಿ.

ಪೆಟ್ರೋಲಿನಲ್ಲಿ ಈಗ ಶೇ. 20 ಎಥನಾಲ್. ಹೈಕ್ರಾಸ್‌ಗೆ ಇದು ಲೆಕ್ಕಕ್ಕೇ ಇಲ್ಲ. 2023ರ ಆಗಸ್ಟಿನಲ್ಲಿ ಎಥನಾಲ್‌ನಲ್ಲೇ ಓಡೋ ಹೈಕ್ರಾಸ್ ಮಾದರಿಯನ್ನೇ ದೆಹಲಿಯಲ್ಲಿ ತೋರಿಸಿದ್ರು. ಟಿಡಿಗೆ ಹಾಗಲ್ಲ. ಹಳೇ ರಬ್ಬರ್ ಪೈಪು ಉಬ್ಬುತ್ತೆ, ಎಥನಾಲ್ ನೀರು ಹೀರಿ ಟ್ಯಾಂಕಿನ ತಳದಲ್ಲಿ ತುಕ್ಕು ಹಿಡಿಯುತ್ತೆ. ನಾನು ಪೈಪುಗಳನ್ನೆಲ್ಲ ಬದಲಾಯಿಸಿದೀನಿ. ಗಾಡಿ ತಿಂಗಳುಗಟ್ಟಲೆ ನಿಲ್ಲೋದಾದ್ರೆ ಪೆಟ್ರೋಲ್ ತೆಗೆದುಬಿಡ್ತೀನಿ.

ಆರ್‌ಟಿಒ: 50 ವರ್ಷ ದಾಟಿದ, ಮೂಲರೂಪ ಕೆಡದ ಗಾಡಿಗಳಿಗೆ 2021ರಲ್ಲಿ ಕೇಂದ್ರದವರು ವಿಂಟೇಜ್ ನೋಂದಣಿ ನಿಯಮ ಮಾಡಿದ್ರು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000. ಮೊದಲೇ ನೋಂದಣಿ ಆಗಿದ್ರೆ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು, ನಿಮ್ಮ ಎಂವೈ ನಂಬರ್ ಹೋಗಲ್ಲ. ಆದ್ರೆ ಆ ನೋಂದಣಿಯಲ್ಲಿ ದಿನಾ ಆಫೀಸಿಗೆ ಓಡಿಸೋ ಹಾಗಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸೋದು, ಅಂಥದಕ್ಕೆ ಮಾತ್ರ.

ನನ್ನ ತೀರ್ಮಾನ: ಹೈಕ್ರಾಸ್ ನಾಳೆಯೂ ಷೋರೂಮಿನಲ್ಲಿರುತ್ತೆ, ನಾಡಿದ್ದೂ ಇರುತ್ತೆ. ದೊಡ್ಡಪ್ಪನ ಟಿಡಿ ಒಂದೇ ಇರೋದು. ವ್ಯಾಗನಾರ್ ಎರಡು ವರ್ಷ ತಳ್ಳುತ್ತೆ ಅಂತ ನೀವೇ ಬರೆದಿದೀರಿ. ಟಿಡಿ ತಗೊಳ್ಳಿ.

---

ಬೆಣ್ಣೆದೋಸೆ (ದಾವಣಗೆರೆ):

ಹಳೇಸ್ಪ್ಯಾನರ್ ಅವರೇ, ನಿಮ್ಮ ಬರಹ ಚೆನ್ನಾಗಿದೆ, ಸಲಹೆ ಚೆನ್ನಾಗಿಲ್ಲ. ಟಿಡಿ ಒಂದೇ ಇರೋದು ಅಂದ್ರಿ. ಆ ತಾಯಿಗೆ ಇರೋ ಮೊಣಕಾಲೂ ಎರಡೇ.

ನಾನು ಇನ್ನೋವಾ ಕ್ರಿಸ್ಟಾ ಓಡಿಸ್ತೀನಿ, ನಮ್ಮ ಮನೆಯವರು ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಅನ್ನೋ ಹಳೇ ಕಾರು ಇಟ್ಟುಕೊಂಡಿದ್ದಾರೆ. ಹೀಗಾಗಿ ಈ ನಾಟಕ ನಮ್ಮ ಮನೇಲೂ ನಡೆದಿದೆ. ನಮ್ಮ ಅತ್ತೆಗೂ ಮೊಣಕಾಲಿನದೇ ತೊಂದರೆ. ಇನ್ನೋವಾದಲ್ಲಿ ಅವರು ಹೇಗೆ ಕೂರ್ತಾರೆ ಹೇಳ್ತೀನಿ ನೋಡ್ರಿ. ಬಾಗಿಲಿಗೆ ಬೆನ್ನು ಮಾಡಿ ನಿಂತು, ಒಂದು ಕೈ ಹಿಡಿಕೆ ಮೇಲೆ, ಇನ್ನೊಂದು ನನ್ನ ಭುಜದ ಮೇಲೆ. ಮೊದಲು ಸೀಟಿನ ಅಂಚಿಗೆ ಕೂತುಬಿಡ್ತಾರೆ. ಆಮೇಲೆ ಒಂದೊಂದೇ ಕಾಲನ್ನ ಸೀರೆ ಸಮೇತ ಕೈಯಿಂದ ಎತ್ತಿ ಒಳಗಿಟ್ಟುಕೊಳ್ತಾರೆ. ಸೀಟು ಅವರ ಸೊಂಟದ ಹತ್ತಿರ ಬರೋದ್ರಿಂದ ಇದು ಸಾಧ್ಯ. ಹೆರಾಲ್ಡಿನಲ್ಲಿ ಒಂದು ಸಲ ಕೂರಿಸಿ, ಇಳಿಸೋಕೆ ಪಕ್ಕದ ಮನೆಯವರನ್ನ ಕರೀಬೇಕಾಯ್ತು. ನಿಮ್ಮ ಟಿಡಿಯೂ ಹಾಗೇ ಕೆಳಗೆ. ಬೆಲ್ಟಿಲ್ಲ, ಏರ್‌ಬ್ಯಾಗಿಲ್ಲ. ಹೈಕ್ರಾಸ್‌ಗೆ 2025ರಲ್ಲಿ ಭಾರತ್ ಎನ್‌ಕ್ಯಾಪ್ ಅನ್ನೋ ಡಿಕ್ಕಿ ಸುರಕ್ಷತೆ ಪರೀಕ್ಷೆಯಲ್ಲಿ 5 ಸ್ಟಾರ್ ಬಂದಿದೆ.

ಇನ್ನೊಂದು. ಟಿಡಿಗೆ ಮಳೆ ಬಂದ್ರೆ ಕಿಟಕಿ ಗಾಜು ಏರಿಸೋಕಾಗಲ್ಲ, ಗಾಜೇ ಇಲ್ಲವಲ್ಲ. ಪಕ್ಕದ ಪರದೆಗಳನ್ನ ತೆಗೆದು ಸಿಕ್ಕಿಸಬೇಕು. ಮೂಡಿಗೆರೆ ಮಳೆಯಲ್ಲಿ ಅದು ಮುಗಿಯೋಷ್ಟರಲ್ಲಿ ಒಳಗಿನವರು ಸ್ನಾನ ಮುಗಿಸಿರ್ತಾರೆ.

ತೋಟದಮೂಲೆ ಅವರೇ, ನಿಮ್ಮ ಮನೆಯವರು ಏನಂತಾರೆ ಅಂತ ನೀವು ಬರೆದೇ ಇಲ್ಲ. ನಕ್ಕರು ಅಂತ ಮಾತ್ರ ಬರೆದಿದೀರಿ.

---

ಕಡಲತಡಿ (ಉಡುಪಿ):

ಸ್ಪೀಡು, ಮೈಲೇಜು ಎಲ್ಲ ಬಿಡಿ ಮಾರಾಯ್ರೆ. ಮೊದಲು ಮರ ನೋಡಿ.

ಟಿಡಿಯ ಚಾಸಿಸ್ ಕಬ್ಬಿಣದ್ದು, ಆದರೆ ಬಾಡಿಯ ಎಲುಬು ಮರದ್ದು. ಆ್ಯಶ್ ಮರದ ಚೌಕಟ್ಟು, ಅದರ ಮೇಲೆ ತಗಡು ಬಡಿದದ್ದು. ಮಲೆನಾಡಿನ ಶೆಡ್ಡಿನಲ್ಲಿ ಇಷ್ಟು ವರ್ಷ ನಿಂತಿದೆ ಅಂತಾದರೆ ಹೊರಗೆ ಪೇಂಟು ಎಷ್ಟು ಚಂದ ಉಂಟು ಅಂತ ನೋಡಿ ಪ್ರಯೋಜನ ಇಲ್ಲ. ಬಾಗಿಲು ಹಿಂದಿನ ಕೀಲಿನಲ್ಲಿ ತೆರೆಯುವಂಥದ್ದು. ತೆರೆದು ಮುಂದಿನ ಅಂಚು ಹಿಡಿದು ಮೇಲೆ ಎತ್ತಿ ನೋಡಿ. ಇಡೀ ಬಾಗಿಲು ಕುಣಿದರೆ ಹಿಂದಿನ ಕಂಬದ ಮರ ಹೋಗಿದೆ ಅಂತ ಲೆಕ್ಕ. ಕೆಳಗಿನ ಅಡ್ಡಪಟ್ಟಿಗೆ ಸ್ಕ್ರೂಡ್ರೈವರ್ ಚುಚ್ಚಿ, ಸಲೀಸಾಗಿ ಒಳಗೆ ಹೋದರೆ ಗೆದ್ದಲೋ ಕುಂಬೋ ಉಂಟು. ಒಳ್ಳೆ ಬಡಗಿ ಸಿಕ್ಕಿದರೆ ತೇಗದಲ್ಲಿ ಮಾಡಿಕೊಡ್ತಾನೆ, ಆದರೆ ಅಷ್ಟೂ ತಗಡು ಬಿಚ್ಚಬೇಕು. ಬಿಚ್ಚಿದ ತಗಡು ಮತ್ತೆ ಅದೇ ಆಕಾರಕ್ಕೆ ಕೂರಬೇಕು. ಅಣ್ಣ ಹೇಳಿದ ರೇಟಿನ ಮೇಲೆ ಈ ಖರ್ಚು ಬೇರೆ.

ಒಂದು ತಮಾಷೆ ಹೇಳುತ್ತೇನೆ. ಕ್ರಿಸ್ಟಾ ಏಣಿಯಂಥ ಚಾಸಿಸ್ ಮೇಲೆ ಕೂತದ್ದು, ಹಿಂದಿನ ಚಕ್ರ ತಿರುಗುವಂಥದ್ದು. ಟಿಡಿಯೂ ಹಾಗೆಯೇ. ಹೈಕ್ರಾಸ್‌ಗೆ ಬೇರೆ ಚಾಸಿಸ್ ಇಲ್ಲ, ಮುಂದಿನ ಚಕ್ರ ಎಳೆಯುವುದು. ಹಾಗಾಗಿ ದಾವಣಗೆರೆಯ ಅಕ್ಕ ಓಡಿಸುವ ಗಾಡಿಯೇ ಟಿಡಿಗೆ ಹತ್ತಿರದ ನೆಂಟ. ಅವರಿಗೆ ಇದು ಹಿಡಿಸಲಿಕ್ಕಿಲ್ಲ.

---

ದೂರದೂರು (ಕವೆಂಟ್ರಿ, ಇಂಗ್ಲೆಂಡ್):

ಬಿಡಿಭಾಗದ ಬಗ್ಗೆ ಮಾತ್ರ ಹೇಳ್ತೀನಿ. ಟಿಡಿ ತಯಾರಾದದ್ದು ಇಲ್ಲಿ ಆಬಿಂಗ್ಡನ್‌ನಲ್ಲಿ, 1953ರವರೆಗೆ, ಒಟ್ಟು 30,000ಕ್ಕೆ ಸ್ವಲ್ಪ ಕಡಿಮೆ. ಮುಕ್ಕಾಲು ಪಾಲು ಅಮೆರಿಕಕ್ಕೇ ಹೋಯಿತು. ಅಲ್ಲಿ ಇನ್ನೂ ಬೇಡಿಕೆ ಇರೋದ್ರಿಂದಲೇ ಗ್ಯಾಸ್ಕೆಟ್, ಬ್ರೇಕ್ ಸಿಲಿಂಡರ್, ಕಾರ್ಬುರೇಟರ್ ಕಿಟ್, ಮರದ ಚೌಕಟ್ಟು ಕೂಡ ಇವತ್ತಿಗೂ ಹೊಸದಾಗಿ ಮಾಡ್ತಾರೆ. 1952ರ ಕಾರಿಗೆ ವಾರದಲ್ಲಿ ವಾಟರ್ ಪಂಪ್ ಸಿಗುತ್ತೆ. ನೀವು ಅದಕ್ಕೆ ಸೇರಿಸಬೇಕಾದದ್ದು ಅಂಚೆ ವೆಚ್ಚ ಮತ್ತು ಕಸ್ಟಮ್ಸ್ ಸುಂಕ. ಊರಿಗೆ ಬರುವವರ ಸೂಟ್‌ಕೇಸ್ ಹುಡುಕುವುದೇ ಬೆಂಗಳೂರಿನ ಟಿಡಿ ಮಾಲೀಕರ ಮುಖ್ಯ ಹವ್ಯಾಸ. ನಾನು ಹೊತ್ತು ತಂದಿದ್ದೇನೆ.

ಇಲ್ಲಿ 40 ವರ್ಷ ದಾಟಿದ ಕಾರಿಗೆ ರಸ್ತೆ ತೆರಿಗೆಯೂ ಇಲ್ಲ, ವಾರ್ಷಿಕ ತಪಾಸಣೆಯೂ ಕಡ್ಡಾಯವಲ್ಲ, ದಿನಾ ಓಡಿಸಿದರೂ ಯಾರೂ ಕೇಳಲ್ಲ. ಹಾಗಾಗಿ ನಮ್ಮ ಕಡೆಯವರ ಅನುಭವ ಓದಿ ಲೆಕ್ಕ ಹಾಕಬೇಡಿ.

ಆಬಿಂಗ್ಡನ್ ಕಾರ್ಖಾನೆ 1980ರಲ್ಲಿ ಮುಚ್ಚಿತು. ಎಂಜಿಯ ಆ ಎಂಟು ಮೂಲೆಯ ಲಾಂಛನ ಈಗ ಚೀನಾದ ಕಂಪನಿಯದು. 2025ರಲ್ಲಿ ಭಾರತದಲ್ಲಿ ಅದೇ ಲಾಂಛನ ಹಚ್ಚಿ ಎಂ9 ಅನ್ನೋ ವಿದ್ಯುತ್ ವ್ಯಾನನ್ನೂ, ಸೈಬರ್‌ಸ್ಟರ್ ಅನ್ನೋ ಎರಡು ಸೀಟಿನ ವಿದ್ಯುತ್ ಸ್ಪೋರ್ಟ್ಸ್ ಕಾರನ್ನೂ ಒಟ್ಟಿಗೇ ತಂದರು. ಬೆಲೆಯಲ್ಲಿ ಅವೆರಡಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ನಿಮ್ಮ ಪ್ರಶ್ನೆಯನ್ನೇ ಕಂಪನಿಯವರು ದುಬಾರಿ ಮಾಡಿ ಮತ್ತೆ ಕೇಳಿದ ಹಾಗಿದೆ.

---

ತೋಟದಮೂಲೆ (ಮೈಸೂರು):

ಎಲ್ಲರಿಗೂ ಥ್ಯಾಂಕ್ಸ್. ಬೆಣ್ಣೆದೋಸೆ ಮೇಡಂ, ನಿಮ್ಮ ಪ್ರಶ್ನೆ ಹೆಂಡತಿಗೂ ತೋರಿಸಿದೆ. "ಕೊನೆಗೂ ಒಬ್ಬರು ಕೇಳಿದ್ರಲ್ಲ" ಅಂದಳು. ಅವಳ ಮಾತು ಹೀಗಿದೆ: ಕಾರು ಮನೆತನದ್ದು ಅನ್ನೋದಾದ್ರೆ ಮನೆತನದಲ್ಲೇ ಇರಲಿ, ಆದ್ರೆ ಅದಕ್ಕೆ ನಾವೊಬ್ಬರೇ ಯಾಕೆ ದುಡ್ಡು ಹಾಕಬೇಕು? ಅಣ್ಣನ ಹತ್ತಿರ ಇದನ್ನೇ ಎತ್ತಿದೆ. ಅತ್ತಿಗೆಗೂ ಮಾರೋಕೆ ಅಷ್ಟು ಮನಸ್ಸಿಲ್ಲವಂತೆ. ಶೆಡ್ಡಿನ ಛಾವಣಿ ಸೋರ್ತಿದೆ, ಅದನ್ನ ಯಾರು ಮಾಡಿಸೋದು ಅನ್ನೋದೇ ಅಲ್ಲಿ ಜಗಳ. ಅರ್ಧ ಪಾಲು ನಾನು ಕೊಟ್ಟು, ಕಾರು ಮೈಸೂರಿನಲ್ಲಿಟ್ಟುಕೊಂಡು, ಹೆಸರು ಇಬ್ಬರದ್ದೂ ಇರೋ ಹಾಗೆ ಮಾಡೋಣ ಅಂತ ಮಾತಾಗಿದೆ. ಉಳಿದದ್ದಕ್ಕೆ ಸ್ವಲ್ಪ ಸೇರಿಸಿದ್ರೆ ಸೆಕೆಂಡ್‌ಹ್ಯಾಂಡ್ ಕ್ರಿಸ್ಟಾ ಬರುತ್ತೆ. ಹೈಕ್ರಾಸ್ ಅಲ್ಲ, ಆದ್ರೆ ಅಮ್ಮ ಕೂರಬಹುದು.

ಭಾನುವಾರ ಮೂಡಿಗೆರೆಗೆ ಹೋಗ್ತಿದೀನಿ. ಬಾಗಿಲು ಎತ್ತಿ ನೋಡ್ತೀನಿ, ಸ್ಕ್ರೂಡ್ರೈವರ್ ಇಟ್ಟುಕೊಂಡಿದೀನಿ. ಮತ್ತೇನು ನೋಡಬೇಕು?

---

ಹಳೇಸ್ಪ್ಯಾನರ್ (ಬೆಂಗಳೂರು):

ಅರ್ಧ ಪಾಲು ಅಂದ್ರೆ ಮುಂದೆ ಮಕ್ಕಳ ಕಾಲಕ್ಕೆ ಜಗಳ. ಕಾಗದದ ಮೇಲೆ ಬರೆಸಿಕೊಳ್ಳಿ. ಇಬ್ಬರ ಹೆಸರಲ್ಲಿ ಆರ್‌ಸಿ ಮಾಡಿಸೋದಕ್ಕಿಂತ ಒಬ್ಬರ ಹೆಸರಲ್ಲಿ ಆರ್‌ಸಿ, ಇಬ್ಬರ ಮಧ್ಯೆ ಕರಾರು ವಾಸಿ. ಮುಂಚೆ ಆ ಆರ್‌ಸಿ ದೊಡ್ಡಪ್ಪನ ಹೆಸರಿಂದ ಅಣ್ಣನ ಹೆಸರಿಗೆ ಬಂದಿದೆಯಾ ಕೇಳಿ. ಎಷ್ಟೋ ಕಡೆ ಬಂದಿರಲ್ಲ.

ನೋಡಬೇಕಾದ್ದು: ಚಾಸಿಸ್ ನಂಬರ್ ಟಿಡಿ ಅಂತ ಶುರುವಾಗಬೇಕು, ಎಂಜಿನ್ ನಂಬರಿನಲ್ಲಿ ಎಕ್ಸ್‌ಪಿಎಜಿ ಅಂತಿರಬೇಕು. ಎರಡನ್ನೂ ಮೊಬೈಲಿನಲ್ಲಿ ಫೋಟೋ ತೆಗೆದು ಆರ್‌ಸಿ ಜೊತೆ ಇಟ್ಟು ನೋಡಿ. ಇಲ್ಲಿ ಒಂದಂಕಿ ಆಚೀಚೆ ಆದ್ರೂ ಆರ್‌ಟಿಒದಲ್ಲಿ ಚಪ್ಪಲಿ ಸವೆಯುತ್ತೆ. ಅಣ್ಣನಿಗೆ ಮೊದಲೇ ಫೋನ್ ಮಾಡಿ, ನಾನು ಬರೋವರೆಗೂ ಸ್ಟಾರ್ಟ್ ಮಾಡಬೇಡ ಅಂತ ಹೇಳಿ. ತಣ್ಣಗಿದ್ದಾಗ ಹೇಗೆ ಎದ್ದೇಳುತ್ತೆ ಅಂತ ನೀವೇ ನೋಡಬೇಕು. ಚೆನ್ನಾಗಿ ಬಿಸಿಯಾದ ಮೇಲೆ, ಓಡ್ತಿರುವಾಗ, ಆಯಿಲ್ ಪ್ರೆಷರ್ ಮುಳ್ಳು 40ರ ಮೇಲೆ ನಿಲ್ಲಬೇಕು. ನೀಲಿ ಹೊಗೆ ಸ್ವಲ್ಪ ಬಂದ್ರೆ ಹೆದರಬೇಡಿ. ರೇಡಿಯೇಟರ್ ಮುಚ್ಚಳದ ಒಳಗೆ ಎಣ್ಣೆ ಜಿಡ್ಡು ಕಂಡ್ರೆ ಹೆದರಿ.

ತರುವಾಗ ಬೇಲೂರು, ಹಾಸನದ ಮೇಲೆ ಓಡಿಸಿಕೊಂಡು ಬರ್ತೀನಿ ಅಂತ ಆಸೆ ಪಡಬೇಡಿ. ಬ್ರೇಕು ಬಿಚ್ಚಿ ನೋಡದ ಗಾಡಿ ಅದು. ಲಾರಿ ಮೇಲೆ ಹಾಕಿಸಿ. ಬೆಲ್ಟನ್ನ ಆಕ್ಸಲ್ಲಿಗೆ ಕಟ್ಟಬೇಕು, ಬಂಪರಿಗಲ್ಲ. ಲಾರಿಯವರು ಬಂಪರಿಗೇ ಕಟ್ತಾರೆ, ಹತ್ತಿರ ನಿಂತು ಕಟ್ಟಿಸಿ.